ಇಂಧನ ಮಾತ್ರೆಯ ಒಲೆ: ಚಾರಣಕ್ಕೆ ಕೊಳ್ಳುವ ಮೊದಲು ಏನು ನೋಡಬೇಕು

"ಬಿಳಿ ಮಾತ್ರೆ ಹಚ್ಚಿ ನೀರು ಕಾಯಿಸುವ ಪುಟ್ಟ ಒಲೆ ಇದೆಯಲ್ಲ, ಅದರಲ್ಲಿ ಯಾವುದು ತಗೊಳ್ಳಲಿ?" ಚಾರಣ ಶುರು ಮಾಡಿದವರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಜೊತೆಗೆ ಎರಡು ಮೂರು ಒಲೆಗಳ ಫೋಟೊ, ಅವುಗಳ ತೂಕ. ಹಗುರ ಇರುವುದೇ ಒಳ್ಳೆಯದು ಎಂದು ಕೇಳುವವರು ಆಗಲೇ ಅರ್ಧ ತೀರ್ಮಾನ ಮಾಡಿರುತ್ತಾರೆ.

ನಾನು ಹೇಳುವುದು ಇಷ್ಟು: ಒಲೆಯನ್ನು ಕೊನೆಗೆ ಆರಿಸಿ. ಎಲ್ಲಿಗೆ ಹೋಗುತ್ತೀರಿ, ಏನು ತಿನ್ನುತ್ತೀರಿ, ಯಾವ ಪಾತ್ರೆ ಒಯ್ಯುತ್ತೀರಿ, ಗಾಳಿಯನ್ನು ಹೇಗೆ ತಡೆಯುತ್ತೀರಿ ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಒಲೆ ಆರಿಸುವುದು ಐದು ನಿಮಿಷದ ಕೆಲಸ. ಉಲ್ಟಾ ಹೋದರೆ ದುಬಾರಿ ಟೈಟಾನಿಯಂ ಒಲೆಯ ಮೇಲೂ ನೀರು ಕುದಿಯುವುದಿಲ್ಲ.

ಈ ಮಾತ್ರೆಯಲ್ಲಿ ಇರುವುದೇನು?

ಮುಖ್ಯವಾಗಿ ಹೆಕ್ಸಮೀನ್. ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾದಿಂದ ತಯಾರಾಗುವ ಬಿಳಿ ಪುಡಿ ಇದು. ಅದನ್ನು ಒತ್ತಿ ಬಿಲ್ಲೆ ಮಾಡುತ್ತಾರೆ. 1936ರಲ್ಲಿ ಜರ್ಮನಿಯ ಎರಿಕ್ ಶುಮ್ ಇದನ್ನು ಎಸ್ಬಿಟ್ ಎಂಬ ಹೆಸರಿನಲ್ಲಿ ಹೊರತಂದರು. ಈಗಲೂ ಎಷ್ಟೋ ಜನ ಯಾವ ಕಂಪನಿಯ ಮಾತ್ರೆಯನ್ನೂ ಎಸ್ಬಿಟ್ ಎಂದೇ ಕರೆಯುತ್ತಾರೆ. ನಿಮ್ಮ ಮನೆಯಲ್ಲಿ ಸೇನೆಯಲ್ಲಿದ್ದವರು ಯಾರಾದರೂ ಇದ್ದರೆ ಹೆಕ್ಸಮೀನ್ ಎಂದು ಹೇಳಿ ನೋಡಿ, ಅವರಿಗೆ ಗೊತ್ತಿರುತ್ತದೆ.

ಇದರ ಗುಣ ದೊಡ್ಡದು. ಸೋರುವುದಿಲ್ಲ. ಕೆಟ್ಟುಹೋಗುವ ವಾಲ್ವ್, ಪಿನ್ನು ಏನೂ ಇಲ್ಲ. ಎಷ್ಟು ಸಲ ನೀರು ಕಾಯಿಸಬೇಕೋ ಅಷ್ಟೇ ಮಾತ್ರೆ ಎಣಿಸಿ ಒಯ್ಯಬಹುದು. ದೋಷಗಳೂ ಇವೆ. ಉರಿ ಸಣ್ಣದು, ಅದನ್ನು ಜಾಸ್ತಿ ಕಡಿಮೆ ಮಾಡಲು ಆಗುವುದಿಲ್ಲ. ಮೀನಿನಂಥ ವಾಸನೆ ಬರುತ್ತದೆ. ಪಾತ್ರೆಯ ತಳಕ್ಕೆ ಕಂದು ಬಣ್ಣದ ಅಂಟು ಹಿಡಿಯುತ್ತದೆ.

ಹಂತ 1: ನಿಮ್ಮ ಚಾರಣಕ್ಕೆ ಇದು ಹೊಂದುತ್ತದೆಯೇ?

ಒಬ್ಬರು, ಹೆಚ್ಚೆಂದರೆ ಇಬ್ಬರು. ಎರಡರಿಂದ ನಾಲ್ಕು ದಿನ. ಒಂದು ಹೊತ್ತಿಗೆ ಅರ್ಧ ಲೀಟರ್ ನೀರು ಕಾಯಿಸುವುದು ಮಾತ್ರ. ಮಾತ್ರೆಯ ಒಲೆ ಇಂಥ ಚಾರಣಕ್ಕೆ ಸರಿ.

ಲೆಕ್ಕ ನೋಡಿ. ಸಾಮಾನ್ಯ ಮಾತ್ರೆ 14 ಗ್ರಾಂ, ಅರ್ಧ ಲೀಟರ್ ನೀರಿಗೆ ಒಂದು. ದಿನಕ್ಕೆ ಎರಡರಂತೆ ಮೂರು ದಿನಕ್ಕೆ ಆರು ಮಾತ್ರೆ, ಅಂದರೆ 84 ಗ್ರಾಂ. ಒಲೆ, ಗಾಳಿ ಮರೆ ಸೇರಿಸಿದರೂ 200 ಗ್ರಾಂ ದಾಟುವುದಿಲ್ಲ. ಚಾರಣದ ಗ್ಯಾಸ್ ಒಲೆಗೆ ಹಾಕುವ ಸಣ್ಣ ಕ್ಯಾನಿಸ್ಟರ್, ಅಂದರೆ ಗ್ಯಾಸ್ ಡಬ್ಬಿ, ಒಳಗಿನ 100 ಗ್ರಾಂ ಗ್ಯಾಸ್ ಸೇರಿ 200 ಗ್ರಾಂ ಆಸುಪಾಸು ತೂಗುತ್ತದೆ. ಬರ್ನರ್ ಬೇರೆ. ದಿನ ಹೆಚ್ಚಾದಂತೆ, ಜನ ಹೆಚ್ಚಾದಂತೆ ಈ ಲಾಭ ಕರಗುತ್ತದೆ. ಒಂದೇ ತೂಕದ ಗ್ಯಾಸ್‌ನಲ್ಲಿ ಮಾತ್ರೆಗಿಂತ ಸುಮಾರು ಒಂದೂವರೆ ಪಟ್ಟು ಶಾಖ ಇದೆ. ನಾಲ್ಕು ಜನರ ಗುಂಪಿಗೆ, ವಾರದ ಚಾರಣಕ್ಕೆ ಗ್ಯಾಸ್ ಒಯ್ಯಿರಿ.

ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾದ ಜಾಗಕ್ಕೆ ಈ ಒಲೆ ಬೇಡವೇ ಬೇಡ. ಅರ್ಧ ಕಿಲೋ ಹಿಮ ಕರಗಲು ಬೇಕಾಗುವ ಶಾಖದಲ್ಲಿ ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ಅಂದರೆ ಒಂದು ಮಾತ್ರೆ ಬರೀ ಕರಗಿಸುವುದಕ್ಕೇ ಹೋಯಿತು. ಕುಡಿಯುವ ನೀರನ್ನೆಲ್ಲ ಕುದಿಸಿಯೇ ಶುದ್ಧ ಮಾಡುತ್ತೇನೆ ಎಂದರೂ ಇದು ಸಾಲದು. ಅದಕ್ಕೆ ಫಿಲ್ಟರ್ ಅಥವಾ ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ.

ಹಂತ 2: ನಿಯಮ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರಪರ್ವತ ಇರುವ ಪುಷ್ಪಗಿರಿ ವನ್ಯಧಾಮ, ಇಂಥ ಕಡೆ ಒಲೆ ಹಚ್ಚುವ ಯೋಚನೆಯನ್ನೇ ಮಾಡಬೇಡಿ. ವನ್ಯಧಾಮಕ್ಕೆ ಅಪಾಯ ಆಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಶೋಲಾ ಕಾಡಿನ ಪಕ್ಕದ ಹುಲ್ಲುಗುಡ್ಡಗಳು ಜನವರಿಯಿಂದ ಮೇವರೆಗೆ ಒಣಗಿ ನಿಂತಿರುತ್ತವೆ. ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಪುಟ್ಟ ಒಲೆ ಅಲ್ವಾ, ಯಾರಿಗೆ ಗೊತ್ತಾಗುತ್ತದೆ ಅನ್ನಬೇಡಿ. ನಮ್ಮ ಘಟ್ಟದ ಒಂದು ದಿನದ ಚಾರಣಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ಟೆಂಟ್ ಹಾಕಲು, ಒಲೆ ಹಚ್ಚಲು ಅನುಮತಿ ಇರುವ ಜಾಗದಲ್ಲಿ ಮಾತ್ರ ಇದನ್ನು ಬಳಸಿ. ಹಿಮಾಚಲ, ಉತ್ತರಾಖಂಡ, ಲಡಾಖ್‌ನ ಅನೇಕ ಚಾರಣಗಳಲ್ಲಿ ಅಂಥ ಕ್ಯಾಂಪುಗಳಿವೆ. ಆದರೆ ಅಲ್ಲಿಯೂ ಪರ್ಮಿಟ್ ಕೊಡುವವರನ್ನು ಕೇಳಿಯೇ ಹೊರಡಿ.

ಎರಡನೆಯದು ಪ್ರಯಾಣ. ಇಂಧನ ಮಾತ್ರೆಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ರೈಲಿನಲ್ಲಿಯೂ ಉರಿಯುವ ವಸ್ತು ಸಾಗಿಸುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. ಹಾಗಾಗಿ ಬೆಂಗಳೂರಿನಿಂದ ಒಲೆ, ಪಾತ್ರೆ ಮಾತ್ರ ಒಯ್ದು, ಮಾತ್ರೆಯನ್ನು ಚಾರಣ ಶುರುವಾಗುವ ಊರಿನಲ್ಲಿ ಕೊಳ್ಳಬೇಕು. ಡೆಹ್ರಾಡೂನ್, ಮನಾಲಿ, ಲೇಹ್ ಕಡೆಯ ಚಾರಣ ಸಾಮಾನಿನ ಅಂಗಡಿಗೆ ಮೊದಲೇ ಫೋನ್ ಮಾಡಿ, ಮಾತ್ರೆ ಇದೆ ಎಂದು ಖಚಿತ ಮಾಡಿಕೊಳ್ಳಿ. ಸಿಗುವುದಿಲ್ಲ ಎಂದಾದರೆ ಈ ಒಲೆ ಆ ಚಾರಣಕ್ಕಲ್ಲ. ಮುಂದೆ ಓದುವ ಅಗತ್ಯವೇ ಇಲ್ಲ.

ಹೊರದೇಶದಲ್ಲಿರುವವರಿಗೂ ಒಂದು ಮಾತು. ಕ್ಯಾಲಿಫೋರ್ನಿಯಾದಂಥ ಕಡೆ ಬೇಸಿಗೆಯ ಬೆಂಕಿ ನಿರ್ಬಂಧ ಬಂದಾಗ ಸಾಮಾನ್ಯವಾಗಿ ತಿರುಗಿಸಿ ಆರಿಸುವ ವಾಲ್ವ್ ಇರುವ ಒಲೆಗೆ ಮಾತ್ರ ಅನುಮತಿ. ಮಾತ್ರೆಯ ಒಲೆಗೆ ವಾಲ್ವ್ ಇಲ್ಲ. ಬ್ರಿಟನ್ನಿನಲ್ಲಿ 2023ರ ಅಕ್ಟೋಬರ್‌ನಿಂದ ಸಾರ್ವಜನಿಕರು ಹೆಕ್ಸಮೀನ್ ಕೊಳ್ಳಲು, ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಸ್ಫೋಟಕ ತಯಾರಿಕೆಗೂ ಅದು ಬಳಕೆಯಾಗುತ್ತದೆ ಎಂಬುದು ಕಾರಣ.

ಹಂತ 3: ಊಟ ಏನು?

ಈ ಒಲೆ ನೀರು ಕಾಯಿಸುತ್ತದೆ. ಅಡುಗೆ ಮಾಡುವುದಿಲ್ಲ. ಅನ್ನ, ಬೇಳೆ ಮರೆತುಬಿಡಿ. ಮೇಲೆ ಹೋದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಡಿಗ್ರಿ ಆಸುಪಾಸಿಗೇ ಕುದಿ ಬರುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಅಲ್ಲಿ ಬೇಯುವುದೇ ಕಷ್ಟ.

ಬಿಸಿನೀರು ಸುರಿದು ಮುಚ್ಚಿಟ್ಟರೆ ಆಗುವ ತಿಂಡಿ ಆರಿಸಿ. ಈ ವಿಷಯದಲ್ಲಿ ನಮಗೆ ಕೊರತೆಯೇ ಇಲ್ಲ. ತೆಳು ಅವಲಕ್ಕಿಗೆ ಒಗ್ಗರಣೆ, ಹುಣಸೆ ಗೊಜ್ಜಿನ ಪುಡಿ ಸೇರಿಸಿ ಪೊಟ್ಟಣ ಕಟ್ಟಿದರೆ ಗೊಜ್ಜವಲಕ್ಕಿ ತಯಾರು. ಸಣ್ಣ ರವೆಯನ್ನು ಚೆನ್ನಾಗಿ ಹುರಿದು, ಒಗ್ಗರಣೆ ಕಲಸಿ ಒಯ್ದರೆ ಕುದಿನೀರಿನಲ್ಲಿ ಹತ್ತು ನಿಮಿಷಕ್ಕೆ ಉಪ್ಪಿಟ್ಟು. ಹುರಿಹಿಟ್ಟಿಗೆ ಬೆಲ್ಲ ಸೇರಿಸಿ ಬಿಸಿನೀರಿನಲ್ಲಿ ಕಲಸಿದರೆ ಬೆಳಗಿನ ಹಸಿವು ಅಡಗುತ್ತದೆ. ಪಾತ್ರೆಯನ್ನು ಟವೆಲ್ಲಿನಲ್ಲೋ ಉಣ್ಣೆ ಟೋಪಿಯಲ್ಲೋ ಸುತ್ತಿಡಿ. ಅದು ಒಂದು ಮಾತ್ರೆ ಉಳಿಸಿಕೊಡುತ್ತದೆ.

ರೆಡಿ-ಟು-ಈಟ್ ಪೊಟ್ಟಣಗಳನ್ನೂ ಈ ನೀರಿನಲ್ಲಿ ಬಿಸಿ ಮಾಡಬಹುದು. ಮೈಸೂರಿನ ಡಿಎಫ್‌ಆರ್‌ಎಲ್ ಎಂಬ ರಕ್ಷಣಾ ಆಹಾರ ಪ್ರಯೋಗಾಲಯ ನಮ್ಮ ದೇಶದಲ್ಲಿ ಬೆಳೆಸಿದ ತಂತ್ರಜ್ಞಾನ ಅದು, ರುಚಿಯೂ ಚೆನ್ನಾಗಿಯೇ ಇರುತ್ತದೆ. ಆದರೆ ಅದರೊಳಗೆ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಹೊರಲು ಭಾರ. ಒಲೆಯಲ್ಲಿ 50 ಗ್ರಾಂ ಉಳಿಸಿ ಊಟದಲ್ಲಿ ಕಿಲೋಗಟ್ಟಲೆ ಹೊತ್ತರೆ ಏನು ಬಂತು?

ಹಂತ 4: ಮಾತ್ರೆ ಆರಿಸುವುದು

ಹೆಚ್ಚು ಬಳಕೆಯಲ್ಲಿರುವುದು 14 ಗ್ರಾಂ ಮಾತ್ರೆ. ಸುಮಾರು 12 ನಿಮಿಷ ಉರಿಯುತ್ತದೆ. 4 ಗ್ರಾಂನ ಸಣ್ಣದೂ ಇದೆ, ಒಂದು ಲೋಟ ಕಾಫಿ ಬಿಸಿ ಮಾಡಲು ಅಥವಾ ಕುದಿ ಬರುವಷ್ಟರಲ್ಲಿ ದೊಡ್ಡದು ಮುಗಿದರೆ ಕೈಗೆ ಬರುವಂಥದ್ದು. ಕೊಳ್ಳುವಾಗ ಇಷ್ಟು ನೋಡಿ:

- ಪೊಟ್ಟಣದ ಮೇಲೆ ಹೆಕ್ಸಮೀನ್ ಎಂದು ಬರೆದಿರಬೇಕು. ಮೇಣದಿಂದ ಮಾಡಿದ ಬಿಳಿ ಬಿಲ್ಲೆಗಳೂ ಸಿಗುತ್ತವೆ. ಅವು ಕಟ್ಟಿಗೆ ಹೊತ್ತಿಸಲು ಇರುವಂಥವು, ವಿಪರೀತ ಮಸಿ.
- ಒಂದೊಂದು ಮಾತ್ರೆಯೂ ಬೇರೆ ಬೇರೆ ಸೀಲ್ ಆಗಿರಬೇಕು. ತೆರೆದಿಟ್ಟ ಮಾತ್ರೆ ತೇವ ಎಳೆದುಕೊಳ್ಳುತ್ತದೆ, ಪುಡಿಯಾಗುತ್ತದೆ, ಚೀಲವೆಲ್ಲ ವಾಸನೆ.
- ಚಾರಣಕ್ಕೆ ಯಾವ ಕಂಪನಿಯ ಮಾತ್ರೆ ಒಯ್ಯುತ್ತೀರೋ ಅದನ್ನೇ ಮನೆಯಲ್ಲೂ ಹಚ್ಚಿ ನೋಡಿ. ಎಲ್ಲ ಕಂಪನಿಯ ಮಾತ್ರೆ ಒಂದೇ ಥರ ಉರಿಯುವುದಿಲ್ಲ.

ಇಲ್ಲೇ ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. "ಮನೆಯಲ್ಲಿ ಕರ್ಪೂರ ಇದೆಯಲ್ಲ, ಅದೇ ಸಾಲದಾ?" ಸಾಲದು. ಕರ್ಪೂರ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ದಪ್ಪ ಕಪ್ಪು ಮಸಿ ಉಗುಳುತ್ತದೆ. ತೆರೆದಿಟ್ಟರೆ ಗಾಳಿಯಲ್ಲೇ ಕರಗಿಹೋಗುತ್ತದೆ. ಅದರ ವಾಸನೆ ಊಟಕ್ಕೆ ಹತ್ತಿಕೊಂಡರೆ ಬಿಡುವುದಿಲ್ಲ. ಪೂಜೆಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಗೆ ಫಿಟ್ಸ್ ಬರುವಷ್ಟು. ಹಟಮಾರಿ ಮಾತ್ರೆಯನ್ನು ಹೊತ್ತಿಸಲು ಪಕ್ಕದಲ್ಲಿ ಒಂದು ಸಣ್ಣ ಚೂರು ಇಡಬಹುದು, ಅಷ್ಟಕ್ಕೆ ಒಳ್ಳೆಯದು. ಮದುವೆ ಮನೆಯ ಬಫೆಯಲ್ಲಿ ಪಾತ್ರೆ ಕೆಳಗಿಡುವ ಜೆಲ್ ಡಬ್ಬಿಯೂ ಬೇಡ. ಅದು ಬಿಸಿ ಇರುವುದನ್ನು ಬಿಸಿಯಾಗಿಯೇ ಇಡಲು ಮಾಡಿದ್ದು, ತಣ್ಣೀರನ್ನು ಕುದಿಸಲು ಅಲ್ಲ.

ಹಂತ 5: ಪಾತ್ರೆ

ಒಬ್ಬರಿಗೆ 600ರಿಂದ 900 ಮಿಲಿಲೀಟರ್ ಹಿಡಿಯುವ ಪಾತ್ರೆ ಸಾಕು. ಎತ್ತರದ ಕಿರಿದಾದ ಮಗ್ ಬೇಡ, ಅಗಲ ತಳ ಇರುವುದನ್ನು ತಗೊಳ್ಳಿ. ಕಿರಿದಾದ ಪಾತ್ರೆಯಲ್ಲಿ ಉರಿ ಬದಿಯಿಂದ ಮೇಲೆದ್ದು ಸುಮ್ನೆ ಆಕಾಶಕ್ಕೆ ಹೋಗುತ್ತದೆ. ಟೈಟಾನಿಯಂ ಹಗುರ ಆದರೆ ದುಬಾರಿ. ತೆಳು ಅಲ್ಯೂಮಿನಿಯಂ ಪಾತ್ರೆ ಈ ಕೆಲಸಕ್ಕೆ ಏನೂ ಕಡಿಮೆಯಲ್ಲ. ಮುಚ್ಚಳ ಮಾತ್ರ ಬೇಕೇ ಬೇಕು. ಮುಚ್ಚಳ ಇಲ್ಲದಿದ್ದರೆ ಒಂದು ಮಾತ್ರೆಯಲ್ಲಿ ಕುದಿ ಬರುತ್ತದೆ ಎಂದು ನಂಬಬೇಡಿ.

ಹಂತ 6: ಗಾಳಿ ಮರೆ

ಹೆಚ್ಚಿನವರು ಸೋಲುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

14 ಗ್ರಾಂ ಮಾತ್ರೆಯಲ್ಲಿ ಇರುವ ಶಾಖ ಸುಮಾರು 420 ಕಿಲೋಜೂಲ್. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು ಬೇಕಾದದ್ದು ಸುಮಾರು 165. ಅಂದರೆ ಮಾತ್ರೆಯ ಶಾಖದಲ್ಲಿ ಶೇ 40ರಷ್ಟು ನೀರಿಗೆ ಸೇರಲೇಬೇಕು. ಹೊಳೆಯ ನೀರು 5 ಡಿಗ್ರಿ ಇದ್ದರೆ ಇನ್ನೂ ಹೆಚ್ಚು. ಗಾಳಿ ಇಲ್ಲದ ಅಡುಗೆಮನೆಯಲ್ಲಿ ಇದು ಹೇಗೋ ಆಗುತ್ತದೆ. ಬಯಲಿನಲ್ಲಿ ಸಣ್ಣ ಗಾಳಿ ಬೀಸಿದರೂ ಉರಿ ಪಕ್ಕಕ್ಕೆ ಬಾಗಿ, ಮಾತ್ರೆ ಪೂರ್ತಿ ಉರಿದರೂ ನೀರು ಉಗುರು ಬೆಚ್ಚಗೇ ಉಳಿಯುತ್ತದೆ. ಆಗ ಎಲ್ಲರೂ ಬೈಯುವುದು ಒಲೆಯನ್ನು. ತಪ್ಪು ಒಲೆಯದ್ದಲ್ಲ.

ಗಾಳಿ ಮರೆ ಅಂದರೆ ಒಲೆ ಮತ್ತು ಪಾತ್ರೆಯ ಸುತ್ತ ನಿಲ್ಲಿಸುವ ತೆಳು ತಗಡು. ಟೈಟಾನಿಯಂ ಹಾಳೆಯದ್ದು ಕೊಳ್ಳಬಹುದು. ಬೇಕರಿಯಲ್ಲಿ ಬಳಸುವ ದಪ್ಪ ಅಲ್ಯೂಮಿನಿಯಂ ಟ್ರೇ ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಅಳತೆ ಹೀಗಿರಲಿ:

- ಪಾತ್ರೆಗೂ ಮರೆಗೂ ನಡುವೆ ಒಂದು ಬೆರಳಿನಷ್ಟು, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಗ.
- ಎತ್ತರ ನೆಲದಿಂದ ಪಾತ್ರೆಯ ಅರ್ಧಕ್ಕಿಂತ ಮೇಲಿನವರೆಗೆ.
- ಗಾಳಿ ಒಳಹೋಗಲು ಕೆಳಗಡೆ ಒಂದು ಬದಿಯಲ್ಲಿ ಸಾಲಾಗಿ ತೂತು. ಆ ಬದಿಯನ್ನು ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಇಡಿ.

ತುಂಬ ಬಿಗಿಯಾಗಿ ಸುತ್ತುವುದೂ ತಪ್ಪು. ಮಾತ್ರೆ ಉರಿಯುವುದು ಅದರಿಂದ ಏಳುವ ಆವಿಯಿಂದ. ಸುತ್ತಲಿನ ತಗಡು ಬಿಸಿಯನ್ನು ಮಾತ್ರೆಗೇ ಹಿಂದಿರುಗಿಸಿದರೆ ಆವಿ ಜಾಸ್ತಿ ಏಳುತ್ತದೆ, ಮಾತ್ರೆ ಬೇಗ ಮುಗಿಯುತ್ತದೆ, ಗಾಳಿ ಸಾಲದೆ ಉರಿ ಹಳದಿಯಾಗಿ ಅಂಟು ಹೆಚ್ಚುತ್ತದೆ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಕೂಡ ಹೆಚ್ಚುತ್ತದೆ.

ಒಂದು ಎಚ್ಚರಿಕೆ. ಪಾತ್ರೆ ಸುತ್ತಿದ ಈ ಮರೆಯನ್ನು ಡಬ್ಬಿಯ ಮೇಲೆಯೇ ಬರ್ನರ್ ಕೂರಿಸುವ ಗ್ಯಾಸ್ ಒಲೆಗೆ ಎಂದೂ ಬಳಸಬೇಡಿ. ಡಬ್ಬಿ ಕಾದು ಸಿಡಿಯಬಹುದು.

ಹಂತ 7: ಈಗ ಒಲೆ

ಯಾವ ಒಲೆಯಾದರೂ ಎರಡು ಕೆಲಸ ಮಾಡಬೇಕು. ಪಾತ್ರೆಯನ್ನು ಅಲುಗದಂತೆ ಹಿಡಿಯಬೇಕು. ಮಾತ್ರೆಗೂ ಪಾತ್ರೆಯ ತಳಕ್ಕೂ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಅಂತರ ಕೊಡಬೇಕು. ತೀರಾ ಹತ್ತಿರ ಇದ್ದರೆ ತಣ್ಣನೆಯ ತಳ ತಗುಲಿ ಉರಿ ಸರಿಯಾಗಿ ಏಳುವುದಿಲ್ಲ, ದೂರ ಇದ್ದರೆ ಶಾಖ ಪೋಲು.

ಮಡಚುವ ಸ್ಟೀಲ್ ಒಲೆ: ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ತೂಕ 85–90 ಗ್ರಾಂ. ಎರಡು ರೆಕ್ಕೆ ತೆರೆದು ಪಾತ್ರೆ ಇಡುವುದು. ಮಡಚಿದಾಗ ಒಳಗೆ ಮಾತ್ರೆಯ ಪೊಟ್ಟಣ ಕೂರುತ್ತದೆ. ಗಟ್ಟಿ, ಅಗ್ಗ, ಅಲುಗುವುದಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಮೂರು ರೆಕ್ಕೆಯ ಟೈಟಾನಿಯಂ ಒಲೆ: 11–13 ಗ್ರಾಂ. ತೂಕ ನೋಡಿದರೆ ಆಸೆ ಆಗುವುದು ಸಹಜ. ಆದರೆ ರೆಕ್ಕೆಗಳು ಗಿಡ್ಡ, ಹಿಡಿತ ಸಣ್ಣದು. ಏರುಪೇರಿನ ನೆಲದಲ್ಲಿ ತುಂಬಿದ ಪಾತ್ರೆ ಜಾರಿ ಬೀಳುವ ಭಯ ಇದ್ದೇ ಇರುತ್ತದೆ. ಸಮತಟ್ಟು ಜಾಗ ಹುಡುಕುವ ತಾಳ್ಮೆ ಇದ್ದವರಿಗೆ ಇದು.

ಶಂಕುವಿನಾಕಾರದ ತಗಡಿನ ಒಲೆ: ಮರೆಯೂ ಅದೇ, ಪಾತ್ರೆ ಹಿಡಿಯುವುದೂ ಅದೇ. ಕಾಲ್ಡೇರಾ ಕೋನ್ ಈ ಜಾತಿಯದ್ದು. ಶಾಖ ಉಳಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಒಂದು ಅಳತೆಯ ಪಾತ್ರೆಗೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಪಾತ್ರೆ ಬದಲಿಸುವುದಿಲ್ಲ ಎಂದು ನಿಶ್ಚಯ ಇದ್ದರೆ, ಹಣ ಇದ್ದರೆ, ಇದನ್ನೇ ತಗೊಳ್ಳಿ.

ಮನೆಯಲ್ಲೇ ಮಾಡುವುದಾದರೆ ತಂತಿ ಜಾಲರಿಯನ್ನು ಕೊಳವೆಯಂತೆ ಸುತ್ತಿ ನಿಲ್ಲಿಸಿ, ನಡುವೆ ಪುಟ್ಟ ತಗಡಿನ ತಟ್ಟೆ ಇಟ್ಟರೆ ಆಯಿತು. ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಗ್ಯಾಲ್ವನೈಸ್ಡ್ ತಂತಿಯ ಮೇಲಿನ ಸತುವಿನ ಲೇಪ ಕಾದರೆ ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು.

ಹಂತ 8: ಮನೆಯಲ್ಲಿ ಹಚ್ಚಿ ನೋಡಿ

ತಾರಸಿಯ ಮೇಲೆ, ತೆರೆದ ಗಾಳಿಯಲ್ಲಿ. ನಲ್ಲಿ ನೀರು ಬೇಡ, ಫ್ರಿಜ್ಜಿನ ನೀರು ತಗೊಳ್ಳಿ. ಬೆಟ್ಟದ ನೀರು ಹಾಗೇ ಇರುತ್ತದೆ.

ಒಲೆಯ ಕೆಳಗೆ ಚಪ್ಪಟೆ ಕಲ್ಲು ಇಡಿ, ಸುತ್ತಲಿನ ಒಣ ಎಲೆ ತೆಗೆಯಿರಿ. ಮಾತ್ರೆಯ ಒಂದು ಮೂಲೆಗೆ ಲೈಟರಿನ ಉರಿಯನ್ನು ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಬೆಂಕಿಕಡ್ಡಿಯಲ್ಲಿ ಹೊತ್ತಿಸುವುದು ಗಾಳಿಯಲ್ಲಿ ಕಷ್ಟ. ಹೊತ್ತದಿದ್ದರೆ ಮೂಲೆಯನ್ನು ಚಾಕುವಿನಿಂದ ಕೆರೆದು ಪುಡಿಗೆ ಹಚ್ಚಿ. ಮರೆ ಸುತ್ತಿ, ಮುಚ್ಚಳ ಹಾಕಿ, ಗಡಿಯಾರ ನೋಡಿ. ಹತ್ತು ನಿಮಿಷದೊಳಗೆ ಕುದಿ ಬಂದರೆ ನಿಮ್ಮ ಜೋಡಣೆ ಸರಿಯಾಗಿದೆ. ಬರದಿದ್ದರೆ ಹೊಸ ಒಲೆ ಕೊಳ್ಳಲು ಓಡಬೇಡಿ. ಮೊದಲು ಮರೆಯ ಜಾಗ, ಆಮೇಲೆ ಮಾತ್ರೆಯ ಅಂತರ ಬದಲಿಸಿ ನೋಡಿ.

ಹಗಲಿನಲ್ಲಿ ಇದರ ತಿಳಿ ನೀಲಿ ಉರಿ ಕಣ್ಣಿಗೆ ಕಾಣುವುದೇ ಕಡಿಮೆ. ಆರಿದೆ ಎಂದು ಕೈ ಹಾಕಬೇಡಿ. ನೀರು ಬೇಗ ಕುದಿದರೆ ಉಳಿದ ಮಾತ್ರೆಯ ಮೇಲೆ ತಗಡಿನ ಡಬ್ಬಿ ಬೋರಲು ಹಾಕಿ ಆರಿಸಿ. ಅದನ್ನು ಮತ್ತೆ ಬಳಸಬಹುದು.

ಹಂತ 9: ಎಚ್ಚರಿಕೆ ಮತ್ತು ಸ್ವಚ್ಛತೆ

ಟೆಂಟಿನೊಳಗೆ ಎಂದೂ ಹಚ್ಚಬೇಡಿ. ಮಳೆ ಬಂದರೂ ಬೇಡ, ಚಳಿ ಕೊರೆದರೂ ಬೇಡ. ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಫಾರ್ಮಾಲ್ಡಿಹೈಡ್, ನೈಟ್ರೋಜನ್ ಆಕ್ಸೈಡ್, ಸ್ವಲ್ಪ ಮಟ್ಟಿಗೆ ಹೈಡ್ರೋಜನ್ ಸಯನೈಡ್ ಕೂಡ ಈ ಹೊಗೆಯಲ್ಲಿ ಇರುತ್ತವೆ. ಬಯಲಿನಲ್ಲೂ ಹೊಗೆ ಬರುವ ಕಡೆ ಕೂರಬೇಡಿ.

ಮಾತ್ರೆ ಮುಟ್ಟಿದ ಕೈಯಲ್ಲಿ ತಿಂಡಿ ಮುಟ್ಟಬೇಡಿ, ಮೊದಲು ತೊಳೆಯಿರಿ. ಕೆಲವರ ಚರ್ಮಕ್ಕೆ ಹೆಕ್ಸಮೀನ್ ಅಲರ್ಜಿ ಮಾಡುತ್ತದೆ. ನೋಡಲು ಪೆಪ್ಪರ್‌ಮೆಂಟಿನಂತೆ ಇರುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ.

ಒಲೆ ಹಚ್ಚುವ ಮೊದಲೇ ಪಾತ್ರೆಯ ತಳದ ಹೊರಬದಿಗೆ ತೆಳುವಾಗಿ ಪಾತ್ರೆ ತೊಳೆಯುವ ಸೋಪು ಸವರಿ. ಅಂಟು ಆಮೇಲೆ ಸುಲಭವಾಗಿ ಬರುತ್ತದೆ. ದಾರಿಯಲ್ಲಿ ಅದನ್ನು ಉಜ್ಜುತ್ತಾ ಕೂರಬೇಡಿ, ಹೊಳೆಯಲ್ಲಂತೂ ಬೇಡ. ಪಾತ್ರೆಯನ್ನು ಬಟ್ಟೆ ಚೀಲದಲ್ಲಿ ಹಾಕಿ, ಮನೆಗೆ ಬಂದು ಬಿಸಿನೀರು, ಸೋಪು ಹಾಕಿ ತೊಳೆಯಿರಿ. ವಿಮಾನದಲ್ಲಿ ವಾಪಸಾಗುವವರು ಮಾತ್ರ ಹೊರಡುವ ಮೊದಲೇ ಹೋಟೆಲಿನಲ್ಲಿ ಒಲೆಯನ್ನು ವಾಸನೆ ಹೋಗುವವರೆಗೆ ತೊಳೆದು ಒಣಗಿಸಬೇಕು. ಉಳಿದ ಮಾತ್ರೆಯನ್ನು ಕೊಂಡ ಅಂಗಡಿಗೋ ಅಥವಾ ಚಾರಣಕ್ಕೆ ಹೊರಟ ಯಾರಿಗಾದರೋ ಕೊಟ್ಟು ಬನ್ನಿ.